ಗುರುವಾರ ಹುಟ್ಟಿದವರು

ಕಳೆದ ತಿಂಗಳು ಮೈದುನ ಊರಿಂದ ಫೋನ್ ಮಾಡಿದ. ನನ್ನ ಗಂಡ ತೀರಿಕೊಂಡು ವರ್ಷವಾಗುತ್ತ ಬಂದಿದೆ. ವರ್ಷದ ಪೂಜೆಯ ಮೊದಲು ಸಮಾಧಿಗೆ ಕಲ್ಲು ಹಾಕಿಸಬೇಕು, ಕಲ್ಲು ಕೆತ್ತುವವನು ಹುಟ್ಟಿದ ದಿನಾಂಕ ಕೇಳುತ್ತಿದ್ದಾನೆ ಎಂದ.

"ಪಾಸ್‌ಪೋರ್ಟಲ್ಲಿ ಇದ್ದದ್ದೇ ಹಾಕಿಸ್ಲಾ ಅತ್ತಿಗೆ? ಡೆತ್ ಸರ್ಟಿಫಿಕೇಟಲ್ಲಿಯೂ ಅದೇ ಉಂಟು. ನಾಳೆ ಎಂತದಾದ್ರೂ ಪೇಪರಿನ ವಿಷಯ ಬಂದ್ರೆ ಗಲಾಟೆ ಬೇಡ."

"ಎರಡು ದಿನ ಬಿಡು, ಹೇಳ್ತೇನೆ."

"ಕಲ್ಲಿನವ ಗಡಿಬಿಡಿ ಮಾಡ್ತಾ ಇದ್ದಾನೆ."

"ಅವನ ಕಲ್ಲು ಎಲ್ಲಿಗೂ ಓಡಿ ಹೋಗುದಿಲ್ಲ" ಎಂದೆ. ಅವನಿಗೆ ನಗು ಬಂತು. ಅಣ್ಣ ಹೋದ ಮೇಲೆ ನನ್ನ ಹತ್ತಿರ ಅವನು ನಕ್ಕದ್ದು ಅದೇ ಮೊದಲು.

ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಕಲಿತದ್ದರಿಂದ ನನಗೆ ಬರೆಯಲು ಬರುವುದು ಕನ್ನಡವೊಂದೇ. ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಮೈದುನನಿಗೆ ಉತ್ತರ ಹೇಳುವ ಮೊದಲು ಆ ದಿನಾಂಕದ ವಿಷಯವನ್ನು ಒಮ್ಮೆ ಮೊದಲಿನಿಂದ ನೆನಪು ಮಾಡಿಕೊಳ್ಳಬೇಕೆನಿಸಿತು.

ನನ್ನ ಗಂಡನಿಗೆ ಹುಟ್ಟಿದ ದಿನ ಎರಡಿತ್ತು. ಚಿಕ್ಕವರಿದ್ದಾಗ ಅಕ್ಕ ಶಾಲೆಗೆ ಹೊರಟ ದಿನ ತಾನೂ ಹೋಗುತ್ತೇನೆಂದು ಅಂಗಳದಲ್ಲಿ ಬಿದ್ದು ಹೊರಳಾಡಿದರಂತೆ. ಅತ್ತೆಯವರು ಇಬ್ಬರನ್ನೂ ಕರೆದುಕೊಂಡು ಹೋದರು. ಮಾಸ್ಟ್ರು ಹುಡುಗನ ಮುಖ ನೋಡಿ, ವಯಸ್ಸು ಸಾಲದು ಎಂದು ಗೊತ್ತಾಗಿ, ಸಾಲುವಂಥ ಒಂದು ಇಸವಿ ಹಾಕಿ ಜೂನ್ ಒಂದು ಎಂದು ಬರೆದುಕೊಂಡರು. ಶಾಲೆ ಶುರುವಾಗುವುದು ಜೂನಿನಲ್ಲಿ ತಾನೆ. ಹೀಗೆ ಅವರು ಒಂದೇ ಬೆಳಿಗ್ಗೆ ಸುಮಾರು ಎರಡು ವರ್ಷ ದೊಡ್ಡವರಾದರು. ಶಾಲೆಯ ಕಾಗದದಿಂದ ಅದು ಪಾಸ್‌ಪೋರ್ಟಿಗೆ ಬಂತು, ಪಾಸ್‌ಪೋರ್ಟಿನಿಂದ ಬಹರೈನಿನ ಗುರುತಿನ ಕಾರ್ಡಿಗೆ ಬಂತು. ನಿಜವಾದ ದಿನ ನಮಗೆ ತಿಳಿದದ್ದು ಮದುವೆಗೆಂದು ಇಗರ್ಜಿಯಿಂದ, ಎಂದರೆ ಊರಿನ ಚರ್ಚಿನಿಂದ, ಜ್ಞಾನಸ್ನಾನದ ಸರ್ಟಿಫಿಕೇಟ್ ತೆಗೆಸಿದಾಗ. ನವೆಂಬರಿನಲ್ಲಿ ಹುಟ್ಟಿದವರು. ಆಗ ಇಬ್ಬರೂ ನಕ್ಕು, ಆ ಕಾಗದವನ್ನು ನೀಲಿ ಫೈಲಿನಲ್ಲಿ ಇಟ್ಟೆವು. ಅದರಿಂದ ಮುಂದೆ ಏನಾದರೂ ಕೆಲಸ ಬಿದ್ದೀತೆಂದು ಯಾರೂ ಎಣಿಸಿರಲಿಲ್ಲ.

ಇಲ್ಲಿ ಬಹರೈನಿನಲ್ಲಿ ಮೂಲೆ ಮೂಲೆಯ ದಿನಸಿ ಅಂಗಡಿಗೂ ಕೋಲ್ಡ್ ಸ್ಟೋರ್ ಎನ್ನುತ್ತಾರೆ. ನನ್ನ ಗಂಡ ಕೆಲಸಕ್ಕಿದ್ದ ಕೋಲ್ಡ್ ಸ್ಟೋರ್ ಅಂಥದ್ದಲ್ಲ. ಹೊರದೇಶದಿಂದ ಬಂದ ಮಾಂಸ, ಕೋಳಿ ಇಡುವ ದೊಡ್ಡ ಗೋದಾಮಿನಲ್ಲಿ ಅವರು ಮೆಕ್ಯಾನಿಕ್. ಗೋದಾಮನ್ನು ತಣ್ಣಗಿಡುವ ಕಂಪ್ರೆಸರುಗಳು ಅವರ ವಶದಲ್ಲಿದ್ದವು. ಇಪ್ಪತ್ತನಾಲ್ಕು ವರ್ಷ ಒಂದೇ ಕಂಪೆನಿ. ಅಲ್ಲಿ ಪ್ರತಿ ಜೂನ್ ಒಂದರಂದು ಒಂದು ದೊಡ್ಡ ಕೇಕ್ ಬರುತ್ತಿತ್ತು, ಅದರ ಮೇಲೆ ಆರು ಜನರ ಹೆಸರು. ಆರು ಜನರೂ ನಮ್ಮ ದೇಶದವರು. ಬಹರೈನಿ ಮ್ಯಾನೇಜರ್ ಒಮ್ಮೆ ಕೇಳಿದರಂತೆ: "ನಿಮ್ಮ ಊರಿನ ತಾಯಂದಿರೆಲ್ಲ ಒಟ್ಟಿಗೆ ಮೀಟಿಂಗ್ ಮಾಡಿ ಹೆರುತ್ತಾರೋ ಹೇಗೆ?" ಮನೆಗೆ ಬಂದು ಅದನ್ನು ಹೇಳುವಾಗ ನನ್ನ ಗಂಡನಿಗೆ ನಗು ತಡೆಯಲಿಕ್ಕಾಗುತ್ತಿರಲಿಲ್ಲ.

ಆ ಕೇಕಿನ ಲೆಕ್ಕದಲ್ಲಿ ಅವರಿಗೆ ಅರವತ್ತು ತುಂಬಿತು. ಕಂಪೆನಿಯ ನಿಯಮದಂತೆ ನೋಟಿಸ್ ಬಂತು. ನಿಜವಾಗಿ ಇನ್ನೂ ಐವತ್ತೆಂಟು. ಮಗಳ ಶಾಲೆ ಎರಡು ವರ್ಷ ಬಾಕಿ, ಆಮೇಲೆ ನರ್ಸಿಂಗ್ ಓದುತ್ತೇನೆ ಎನ್ನುತ್ತಿದ್ದಳು. ಅವರು ನೀಲಿ ಫೈಲಿನಿಂದ ಸರ್ಟಿಫಿಕೇಟ್ ತೆಗೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಫೀಸಿಗೆ ಹೋದರು. ಆಫೀಸಿನವರು ಕೂರಿಸಿ ಚಹಾ ಕೊಟ್ಟರಂತೆ. ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, "ಹಬೀಬಿ, ನಿನ್ನ ಚರ್ಚಿನ ಮೇಲೆ ನನಗೆ ಗೌರವ ಇದೆ. ಆದರೆ ಪಾಸ್‌ಪೋರ್ಟ್ ಹೇಳಿದ ಮೇಲೆ ಖಲಾಸ್, ಮುಗಿಯಿತು" ಎಂದರಂತೆ. ಅವರ ಮೇಲೆ ನಮಗೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಬೇಕಾದರೆ ಆ ಮಾಸ್ಟ್ರ ಮೇಲೆ ಮಾಡಬೇಕು. ಅವರು ಎಂದೋ ತೀರಿಕೊಂಡಿದ್ದರು. ಅವರೂ ಮಗು ಅಳದಿರಲಿ ಎಂದೇ ಬರೆದದ್ದು.

ಅದಾದ ಮೇಲೆ ಎರಡು ತಿಂಗಳು ಅವರು ಕೆಲಸ ಹುಡುಕಿದರು. ಬುದಯ್ಯದ ಕಡೆ ತೋಟದವರ ತರಕಾರಿ ಗೋದಾಮು, ಅವಾಲಿಯ ಮನೆಗಳಿಗೆ ಏಸಿ ರಿಪೇರಿ ಮಾಡುವ ವರ್ಕ್‌ಶಾಪ್, ಹೀಗೆ ಬಸ್ಸಿನಲ್ಲಿ ಸುತ್ತಿದರು. ಎಲ್ಲ ಕಡೆ ಮೊದಲು ಕಾರ್ಡ್ ಕೇಳುತ್ತಿದ್ದರು. ಹುಟ್ಟಿದ ವರ್ಷ ನೋಡುತ್ತಿದ್ದರು. "ಚಾಚಾ, ಊರಿಗೆ ಹೋಗಿ ಆರಾಮ ಮಾಡಿ" ಎಂದು ಹಿಂದಿಯಲ್ಲಿ ಹೇಳಿ ಕಾರ್ಡ್ ವಾಪಸ್ ಕೊಡುತ್ತಿದ್ದರು. ಮನೆಗೆ ಬಂದು ಅವರು ಫ್ರಿಜ್ಜಿನ ಹಿಂದೆ ಕಿವಿಯಿಟ್ಟು ಕೂರುತ್ತಿದ್ದರು. ನಮ್ಮ ಫ್ರಿಜ್ಜಿಗೆ ಯಾವ ತೊಂದರೆಯೂ ಇರಲಿಲ್ಲ.

ನಾವು ಇದ್ದದ್ದು, ನಾನು ಈಗಲೂ ಇರುವುದು, ಸೆಗಯಾ ಎಂಬ ಕೇರಿಯ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ಎರಡು ಬೀದಿ ಆಚೆ ನಾನು ಕೆಲಸ ಮಾಡುವ ಹೊಲಿಗೆ ಅಂಗಡಿ. ಶಾಲೆಯ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತೇವೆ. ನನ್ನ ವೀಸಾ ಆ ಅಂಗಡಿಯದು. ಗಂಡನ ಕೆಲಸ ಹೋದರೂ ನಾನೂ ಮಗಳೂ ಇಲ್ಲಿ ಉಳಿಯಲಿಕ್ಕಾದದ್ದು ಅದರಿಂದ ಮತ್ತು ಅಂಗಡಿಯ ಮಾಲೀಕರು ಮಗಳ ವೀಸಾದ ಕಾಗದಕ್ಕೆ ತಡಮಾಡದೆ ಸಹಿ ಹಾಕಿದ್ದರಿಂದ. ಕಟ್ಟಡದ ಕೆಳಗೆ ಕೂದಲು ಹೆಣೆಯುವ ಸಣ್ಣ ಸಲೂನ್ ಇದೆ. ಅದನ್ನು ನಡೆಸುವವಳು ಘಾನಾದವಳು, ನನ್ನಷ್ಟೇ ವಯಸ್ಸು. ಅವಳೂ ಎರಡನೇ ಮಹಡಿಯಲ್ಲೇ, ನಮ್ಮ ಎದುರಿನ ಬಾಗಿಲಲ್ಲಿ ಇರುತ್ತಾಳೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅವಳು ದಿನಾ ಬೆಳಿಗ್ಗೆ ಮೆಟ್ಟಿಲಲ್ಲಿ "ಗುಡ್ ಮಾರ್ನಿಂಗ್ ಸಿಸ್ಟರ್" ಎನ್ನುತ್ತಿದ್ದಳು. ನಾನು ತಲೆ ಅಲ್ಲಾಡಿಸಿ ಇಳಿದು ಹೋಗುತ್ತಿದ್ದೆ. ಇಂಗ್ಲಿಷ್ ಬಾರದು ಎಂಬುದು ಒಂದು ನೆಪ. ಗುಡ್ ಮಾರ್ನಿಂಗ್ ಹೇಳುವಷ್ಟು ಇಂಗ್ಲಿಷ್ ಯಾರಿಗೆ ಬರುವುದಿಲ್ಲ? ಅವಳ ಜೊತೆ ನಿಂತು ಮಾತಾಡಿದರೆ ನಮ್ಮವರು ಏನೆಂದುಕೊಳ್ಳುತ್ತಾರೋ ಎಂಬ ಸಣ್ಣ ಬುದ್ಧಿ ನನ್ನಲ್ಲಿತ್ತು. ಒಂದು ವರ್ಷ ಹೀಗೇ ನಡೆಯಿತು.

ಒಂದು ಬೆಳಿಗ್ಗೆ ಅವಳು ದಾರಿಗೆ ಅಡ್ಡ ನಿಂತಳು.

"ಸಿಸ್ಟರ್, ನಮ್ಮ ಊರಲ್ಲಿ ಯಾರಾದರೂ ನಮಸ್ಕಾರಕ್ಕೆ ಉತ್ತರ ಕೊಡದಿದ್ದರೆ ನಾವು ಬೈಯುವುದಿಲ್ಲ. ಮನೆಯಲ್ಲಿ ಏನು ತೊಂದರೆ ಎಂದು ಕೇಳುತ್ತೇವೆ. ಒಂದು ವರ್ಷ ಕಾದೆ. ಈಗ ಕೇಳುತ್ತಿದ್ದೇನೆ. ಮನೆಯಲ್ಲಿ ಏನು ತೊಂದರೆ?"

ಹಿಂದಿನ ದಿನವೇ ಅವಾಲಿಯಿಂದ ನನ್ನ ಗಂಡ ಬರಿಗೈಯಲ್ಲಿ ಬಂದಿದ್ದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವಳೂ ಪಕ್ಕದಲ್ಲಿ ಕೂತಳು. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಕಂಪ್ರೆಸರ್ ಎಂಬ ಮಾತು ಬಂದದ್ದೇ ಅವಳು ನೆಟ್ಟಗೆ ಕೂತಳು. ಅವಳ ಅಣ್ಣ ಘಾನಾದ ಒಂದು ಬಂದರು ಊರಿನಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್ ನೋಡಿಕೊಳ್ಳುತ್ತಾನಂತೆ. ಮಷೀನು ಮೂರು ತಿಂಗಳಿಂದ ಕಾಡುತ್ತಿದೆ, ಸರಿಯಾದ ಜನ ಸಿಗುತ್ತಿಲ್ಲ ಎಂದಳು.

ಸಂಜೆ ಸಲೂನಿನಲ್ಲಿ ವೀಡಿಯೊ ಕಾಲ್. ಕುರ್ಚಿಯಲ್ಲಿ ಅರ್ಧ ತಲೆ ಹೆಣೆದ ಒಬ್ಬ ಹೆಂಗಸು, ಪಕ್ಕದಲ್ಲಿ ಸ್ಟೂಲಿನ ಮೇಲೆ ನನ್ನ ಗಂಡ, ಹಿಂದೆ ನಾನು. ಅಣ್ಣ ದೊಡ್ಡ ಆಳು, ಬೆವರುತ್ತಿದ್ದ. ಮೊದಲು ಕ್ಷೇಮಸಮಾಚಾರ: ನೀವು ಹೇಗಿದ್ದೀರಿ, ಮನೆಯವರು ಹೇಗೆ, ಮಗಳು ಹೇಗೆ, ನಿದ್ದೆ ಚೆನ್ನಾಗಿ ಬಂತೇ. ಇದೇ ಐದು ನಿಮಿಷ ನಡೆಯಿತು. ನನ್ನ ಗಂಡ ಕೊಂಕಣಿಯಲ್ಲಿ, "ಮಷೀನಿಗೆ ಎಂತ ಆಗಿದೆ ಹೇಳ್ಲಿಕ್ಕೆ ಹೇಳು ಇವನಿಗೆ" ಎಂದರು. ನಾನು ಅವರ ಬೆನ್ನು ತಿವಿದೆ.

ಕೊನೆಗೆ ಮಷೀನಿನ ವಿಷಯ ಬಂತು. ಫೋನಿನಲ್ಲಿ ಎಲ್ಲ ಸದ್ದೂ ಒಂದೇ ಥರ ಕೇಳುತ್ತಿತ್ತು.

"ಉದ್ದದ ಸ್ಕ್ರೂ ಡ್ರೈವರ್ ತೆಗೆದುಕೊಳ್ಳಿ" ಎಂದರು ನನ್ನ ಗಂಡ. "ತುದಿಯನ್ನು ಬೇರಿಂಗಿನ ಮುಚ್ಚಳದ ಮೇಲೆ ಇಡಿ. ಹಿಡಿಯನ್ನು ನಿಮ್ಮ ಕಿವಿಗೆ ಒತ್ತಿ. ಏನು ಕೇಳುತ್ತದೆ?"

"ಸದ್ದು ಕೇಳುತ್ತದೆ."

"ಯಾವ ಥರ? ಬಾಯಲ್ಲಿ ಮಾಡಿ ತೋರಿಸಿ."

ಆ ದೊಡ್ಡ ಆಳು ಒಮ್ಮೆ ಹಿಂದೆ ತಿರುಗಿ ಯಾರಾದರೂ ನೋಡುತ್ತಿದ್ದಾರೋ ಎಂದು ನೋಡಿದ. ಆಮೇಲೆ "ಗೊರ್‍ರ್‍ರ್" ಎಂದ.

"ಗೊರ್‍ರ್ ಒಂದೇ ಸಮನೆಯಾ? ಇಲ್ಲಾ ಗೊರ್-ಕಟ್, ಗೊರ್-ಕಟ್?"

"ಇರಿ... ಗೊರ್-ಕಟ್."

"ಕಟ್ ದೊಡ್ಡದಾ ಸಣ್ಣದಾ?"

"ಕಟ್!" ಎಂದು ಅವನು ಕೂಗಿದ. "ಕಟ್!" ಎಂದು ಇವರೂ ಕೂಗಿದರು. ಕುರ್ಚಿಯಲ್ಲಿದ್ದ ಹೆಂಗಸು ನಕ್ಕ ನಗುವಿಗೆ ಹೆಣೆಯುತ್ತಿದ್ದ ಎಳೆ ಕೈಯಿಂದ ಜಾರಿ ಬಿಚ್ಚಿಹೋಯಿತು.

"ನಿಲ್ಲಿಸಿ. ಈಗಲೇ ನಿಲ್ಲಿಸಿ. ಇನ್ನು ಎರಡು ದಿನ ಓಡಿಸಿದರೆ ಒಳಗಿನ ಶಾಫ್ಟ್ ಹೋಗುತ್ತದೆ."

ಮೂರನೇ ದಿನ ಅಣ್ಣನ ಫೋನ್ ಬಂತು. ಬಿಚ್ಚಿ ನೋಡಿದರೆ ಬೇರಿಂಗ್ ಪೂರ್ತಿ ಸವೆದಿತ್ತಂತೆ. "ಯಾವಾಗ ಬರುತ್ತೀರಿ?" ಎಂದು ಕೇಳಿದ.

"ಮೊದಲು ನನ್ನ ವಯಸ್ಸು ಕೇಳಿ" ಎಂದರು ನನ್ನ ಗಂಡ.

"ನಮ್ಮ ಮಷೀನು ನಿಮಗಿಂತ ಹಳೆಯದು. ಅದಕ್ಕೂ ನಾವು ಇನ್ನೂ ರಿಟೈರ್ಮೆಂಟ್ ಕೊಟ್ಟಿಲ್ಲ."

ಆ ರಾತ್ರಿ ನನ್ನ ಗಂಡ ಎರಡು ಸಲ ಅನ್ನ ಹಾಕಿಸಿಕೊಂಡರು. ಎರಡು ತಿಂಗಳಾಗಿತ್ತು ಹಾಗೆ ಉಂಡು.

ಶುಕ್ರವಾರ, ಇಲ್ಲಿಯ ವಾರದ ರಜೆಯ ದಿನ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಸುದ್ದಿ ಹಬ್ಬಿತು. ನಮ್ಮ ಪ್ರಾರ್ಥನಾ ಕೂಟದ ಒಬ್ಬಳು ನನ್ನ ಕೈ ಹಿಡಿದು, "ಗಲ್ಫಿಂದ ಜನ ಕೆನಡಕ್ಕೆ ಹೋಗ್ತಾರೆ, ನ್ಯೂಜಿಲೆಂಡಿಗೆ ಹೋಗ್ತಾರೆ. ಆಫ್ರಿಕಾಕ್ಕೆ ಹೋಗುವುದುಂಟಾ ಮಾರಾಯ್ತಿ? ಅಲ್ಲಿ ಎಂತ ಉಂಟು?" ಎಂದಳು. "ಕೆಲಸ ಉಂಟು" ಎಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೂ ಗೊತ್ತಿರಲಿಲ್ಲ. ಎದುರುಮನೆಯವಳಿಗೆ ಇದನ್ನು ಹೇಳಿದಾಗ ಅವಳು, "ನಿನ್ನ ಗೆಳತಿಗೆ ಹೇಳು, ಈ ಕೆಲಸಕ್ಕೆ ಅರ್ಜಿ ಹಾಕು ಎಂದು ಮೊದಲು ಸಿಂಹಕ್ಕೇ ಹೇಳಿದ್ದೆವು, ಅದಕ್ಕೆ ಕಂಪ್ರೆಸರ್ ಕೆಲಸ ಬರುವುದಿಲ್ಲವಂತೆ" ಎಂದಳು.

ನಾನು ಪೆಟ್ಟಿಗೆಗೆ ಕುಚ್ಚಲಕ್ಕಿ, ಒಣಮೀನು, ತೆಂಗಿನೆಣ್ಣೆ ತುಂಬಿಸಿದೆ. ಅವರು ಹೋಗಿ ನೋಡಿದರೆ ಅಲ್ಲಿ ಕಣ್ಣು ಹಾಯಿಸಿದಲ್ಲೆಲ್ಲ ತೆಂಗಿನಮರ, ಹೊಗೆಯಲ್ಲಿ ಒಣಗಿಸಿದ ಮೀನು ರಾಶಿ ರಾಶಿ. "ನೀನು ಬಂದರಿಗೇ ಮೀನು ಕಟ್ಟಿ ಕಳಿಸಿದ್ದೀಯಲ್ಲ" ಎಂದು ಫೋನಿನಲ್ಲಿ ನಕ್ಕರು. ಮರಗೆಣಸು ಕುಟ್ಟಿ ಮಾಡಿದ ಮುದ್ದೆ ಕೊಡುತ್ತಾರೆ, ಅಗಿಯದೆ ನುಂಗಬೇಕು, ಘಟ್ಟದ ಮೇಲಿನವರ ರಾಗಿಮುದ್ದೆಯ ಹಾಗೆ ಎಂದರು. ಕರೆಂಟು ಹೋಗಿ ಬಂದು ಮಾಡುತ್ತದೆ, ಜನರೇಟರಿನ ಹತ್ತಿರವೇ ಮಲಗಬೇಕಾಗುತ್ತದೆ ಎಂದೂ ಒಮ್ಮೆ ಹೇಳಿದರು. ಮಲೇರಿಯಾ ಒಂದು ಸಲ ಬಂತು. ಕಷ್ಟವಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಧ್ವನಿ ಗಟ್ಟಿಯಾಗಿತ್ತು. ಅಲ್ಲಿ ನಾಲ್ಕು ಜನರಿಗೆ ಸ್ಕ್ರೂ ಡ್ರೈವರ್ ಕಿವಿಗೆ ಇಡುವುದನ್ನು ಕಲಿಸುತ್ತಿದ್ದರು.

ಹೋಗಿ ಎರಡನೇ ವಾರ, ನಾನು ಮಧ್ಯಾಹ್ನದ ಬಿಡುವು ಮುಗಿಸಿ ಅಂಗಡಿಗೆ ಹೊರಡುವ ಹೊತ್ತಿಗೆ ಫೋನ್.

"ಏ, ಕೇಳಿತಾ? ನಾನು ಹುಟ್ಟಿದ್ದು ಯಾವ ವಾರ?"

"ಇಷ್ಟೊತ್ತಿಗೆ ಇದೆಂತ ಪ್ರಶ್ನೆ?"

"ಇಲ್ಲಿ ಹುಟ್ಟಿದ ವಾರದ ಮೇಲೆ ಒಂದು ಹೆಸರುಂಟು. ಸೋಮವಾರದವನಿಗೆ ಒಂದು, ಮಂಗಳವಾರದವನಿಗೆ ಒಂದು. ಎಲ್ಲರಿಗೂ ಉಂಟು. ನನಗೆ ಮಾತ್ರ ಇಲ್ಲ. ಮ್ಯಾನೇಜರನ ಅಮ್ಮ, ಅಂದ್ರೆ ಎದುರುಮನೆಯವಳ ಅಮ್ಮ, ಗೇಟಿನ ಹತ್ತಿರ ನಮಗೆಲ್ಲ ಅಡಿಗೆ ಮಾಡಿ ಕೊಡ್ತಾರೆ. ಆ ಅಜ್ಜಿ ವಾರ ಹೇಳದೆ ಊಟ ಇಲ್ಲ ಹೇಳ್ತಾರೆ."

"ಜೂನ್ ಒಂದು ಯಾವ ವಾರ ಅಂತ ಮೊಬೈಲಲ್ಲಿ ನೋಡಿ ಹೇಳಿ, ಆಯ್ತಲ್ಲ."



"ಬೇಡ" ಎಂದರು. "ಇವರು ಅದನ್ನು ಕಾಗದಕ್ಕೆ ಕೇಳುವುದಲ್ಲ. ಕರೀಲಿಕ್ಕೆ ಕೇಳುವುದು. ನಿಜದ್ದು ಹೇಳು."

ನಾನು ನೀಲಿ ಫೈಲು ತೆಗೆದೆ. ಆಫೀಸಿನವರು ಗೌರವದಿಂದ ವಾಪಸ್ ಕೊಟ್ಟ ಅದೇ ಕಾಗದ. ದಿನಾಂಕ ಓದಿ ಹೇಳಿದೆ. ಶಾಲೆಯಿಂದ ಆಗಷ್ಟೇ ಬಂದಿದ್ದ ಮಗಳು ಮೊಬೈಲಿನಲ್ಲಿ ಹುಡುಕಿ, "ಥರ್ಸ್‌ಡೇ, ಮಮ್ಮಿ. ಡ್ಯಾಡಿ ಥರ್ಸ್‌ಡೇ" ಎಂದಳು.

"ಗುರುವಾರವಂತೆ" ಎಂದೆ ನಾನು.

ಫೋನಿನ ಆ ಕಡೆ ಅವರು ಅದನ್ನು ಜೋರಾಗಿ ಹೇಳಿದ್ದು ಕೇಳಿಸಿತು. ಅಜ್ಜಿಯ ಧ್ವನಿ, ಆಮೇಲೆ ಐದಾರು ಗಂಡಸರ ಧ್ವನಿ, ಎಲ್ಲರೂ ಸೇರಿ ಒಂದೇ ಹೆಸರು ಕೂಗಿದರು. ಅದು ಅವರ ಭಾಷೆಯಲ್ಲಿ ಗುರುವಾರ ಹುಟ್ಟಿದ ಗಂಡಸಿನ ಹೆಸರು. ಆ ಗದ್ದಲದಲ್ಲೇ ನನ್ನ ಗಂಡ ಫೋನ್ ಇಟ್ಟರು. ಐವತ್ತೆಂಟು ವರ್ಷದಲ್ಲಿ ನನ್ನ ಗಂಡ ನಿಜವಾಗಿ ಹುಟ್ಟಿದ ದಿನ ಬೇಕೆಂದು ಕೇಳಿದವರಲ್ಲಿ ಆ ಊರಿನವರೇ ಮೊದಲಿಗರು. ಅಂದಿನಿಂದ ಅಲ್ಲಿ ಅವರಿಗೆ ಅದೇ ಹೆಸರು. ನವೆಂಬರಿನಲ್ಲಿ ಅಜ್ಜಿ ಕೋಳಿ ಸಾರು ಮಾಡಿದರು. ಕೇಕೂ ತರಿಸಿದ್ದರು, ಅದರ ಮೇಲೆ ಅವರೊಬ್ಬರದೇ ಹೆಸರು.

ಅವರು ಅಲ್ಲಿ ಇದ್ದದ್ದು ಎರಡು ವರ್ಷ ಮತ್ತು ಕೆಲವು ತಿಂಗಳು. ಒಮ್ಮೆ ಕ್ರಿಸ್ಮಸ್ಸಿಗೆ ಇಲ್ಲಿಗೆ ಬಂದು ಹೋದರು. ಮಗಳ ಶಾಲೆ ಮುಗಿಯಿತು, ಮಂಗಳೂರಿನಲ್ಲಿ ನರ್ಸಿಂಗಿಗೆ ಸೇರಿದಳು. ಕಾಲೇಜಿನ ಮೊದಲ ದಿನ ಬಿಳಿ ಕೋಟು ಹಾಕಿಕೊಂಡ ಫೋಟೊ ಕಳಿಸಿದಳು. ಅದನ್ನು ಅವರು ಕಂಪ್ರೆಸರ್ ಕೋಣೆಯ ಗೋಡೆಗೆ ಅಂಟಿಸಿದ್ದರು. ಕಾಗದದ ವಯಸ್ಸು ಕಸಿದುಕೊಂಡಿದ್ದ ಎರಡು ವರ್ಷ ಅವರಿಗೆ ಆ ಊರಿನಲ್ಲಿ ಮರಳಿ ಸಿಕ್ಕಿತು ಎಂದೇ ನಾನು ಎಣಿಸುತ್ತೇನೆ.

ಒಂದು ಶನಿವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಎದುರುಮನೆಯವಳು ನಿಂತಿದ್ದಳು. ಅವಳು ಗುಡ್ ಮಾರ್ನಿಂಗ್ ಹೇಳಲಿಲ್ಲ. ಮೂರು ವರ್ಷದಲ್ಲಿ ಮೊದಲ ಬಾರಿ ಹೇಳಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಯಿತು.

ಬೆಳಗಿನ ಜಾವದ ಸುತ್ತು ಮುಗಿಸಿ, ಮಷೀನುಗಳ ಒತ್ತಡ ಪುಸ್ತಕದಲ್ಲಿ ಬರೆದು, ಕುರ್ಚಿಯಲ್ಲಿ ಕೂತಿದ್ದರಂತೆ. ಅಜ್ಜಿ ಗಂಜಿ ತಂದಾಗ ಎಚ್ಚರವಿರಲಿಲ್ಲ. ಹೃದಯ ಎಂದರು ಡಾಕ್ಟರು. ಫೋನಿನಲ್ಲಿ ನನಗೆ ಹೇಳುವುದು ಬೇಡ, ನೀನು ಹೋಗಿ ಪಕ್ಕದಲ್ಲಿ ಕೂತುಕೊಂಡು ಹೇಳು ಎಂದು ಅಣ್ಣ ತಂಗಿಗೆ ತಿಳಿಸಿದ್ದ. ಅವಳು ಹಾಗೇ ಕೂತಳು. ಆ ದಿನ ಸಲೂನು ತೆರೆಯಲಿಲ್ಲ.

ಕಾಗದಪತ್ರ ಆಗಲು ಎಂಟು ದಿನ ಹಿಡಿಯಿತು. ಆ ಎಂಟು ದಿನವೂ ಕೆಲಸದವರಲ್ಲಿ ಇಬ್ಬಿಬ್ಬರು ಸರದಿಯಲ್ಲಿ ಆಸ್ಪತ್ರೆಯ ಶವಾಗಾರದ ಹೊರಗೆ ಬೆಂಚಿನ ಮೇಲೆ ಕೂತಿದ್ದರು. "ಪರ ಊರಿನಲ್ಲಿ ನಮ್ಮ ಮನುಷ್ಯನನ್ನು ಒಬ್ಬನೇ ಬಿಡುವುದು ಹೇಗೆ?" ಎಂದ ಅಣ್ಣ. ಪರ ಊರು ನನ್ನ ಗಂಡನಿಗೆ. ಅವರಿಗೆ ಅದು ಸ್ವಂತ ಊರು. ಆದರೂ ಹಾಗೆ ಹೇಳಿದ. ನಾನು ಊರಿಗೆ ಹೋಗಿ ಶವದ ಪೆಟ್ಟಿಗೆಯನ್ನು ಬರಮಾಡಿಕೊಂಡೆ. ಜೊತೆಯಲ್ಲಿ ಒಂದು ಕಟ್ಟು ಬಂದಿತ್ತು: ಅವರ ಉದ್ದದ ಸ್ಕ್ರೂ ಡ್ರೈವರ್, ಗೋಡೆಯಲ್ಲಿದ್ದ ಮಗಳ ಫೋಟೊ, ಮತ್ತು ನಾಲ್ಕು ಗಜ ಬಟ್ಟೆ. ಕಪ್ಪಿನ ಮೇಲೆ ಕೆಂಪು ಬಳ್ಳಿ.

ಹದಿನೈದು ದಿನಕ್ಕೆ ರಜೆ ಮುಗಿದು ನಾನು ಬಹರೈನಿಗೆ ಮರಳಿದೆ. ಬಟ್ಟೆಯನ್ನು ಎದುರುಮನೆಯವಳಿಗೆ ತೋರಿಸಿದೆ. ಅದೇ ಬಟ್ಟೆಯನ್ನು ಅಲ್ಲಿ ಕೆಲಸದವರೆಲ್ಲ ಹೊಲಿಸಿ ಹಾಕಿಕೊಂಡು ಒಂದು ದಿನ ಸೇರಿದ್ದರಂತೆ, ನನ್ನ ಪಾಲನ್ನು ಕಳಿಸಿದ್ದಾರೆ ಎಂದಳು.

"ತುಂಬ ವಯಸ್ಸಾಗಿ, ಬಾಳಿ ಮುಗಿಸಿ ಹೋದವರಿಗೆ ನಾವು ಕಪ್ಪು ಬಿಳಿ ಉಡುತ್ತೇವೆ. ಇದರಲ್ಲಿ ಕೆಂಪು ಇದೆ ನೋಡು. ಇಷ್ಟು ಬೇಗ ಹೋಗಬಾರದಿತ್ತು ಎಂದು ಅರ್ಥ."

ಇಲ್ಲಿನ ಬೀದಿಗಳಲ್ಲಿ ಅವರನ್ನು ಚಾಚಾ ಎಂದು ಕರೆದು ಮನೆಗೆ ಕಳಿಸಿದ್ದರು. ಅಲ್ಲಿಯವರು ಬೇಗ ಎಂದರು. ನಾನು ಆ ಬಟ್ಟೆಯನ್ನು ಅಂಗಡಿಗೆ ಒಯ್ದು, ಊಟದ ಬಿಡುವಿನಲ್ಲಿ ಹೊಲಿಯಲು ಕೂತೆ. ನಮ್ಮ ಕಟಿಂಗ್ ಮಾಸ್ಟರ್ ಪಾಕಿಸ್ತಾನದವರು, ನನ್ನ ಹೊಲಿಗೆಯಲ್ಲಿ ದಿನಾ ತಪ್ಪು ಹುಡುಕುವವರು. ಅಂದು ಬಂದು ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, ತಮ್ಮ ಒಳ್ಳೆಯ ಕತ್ತರಿಯನ್ನು ನನ್ನ ಮುಂದೆ ಇಟ್ಟು ಹೋದರು.

ಇಷ್ಟೆಲ್ಲ ನೆನಪು ಮಾಡಿಕೊಂಡು, ಹೇಳಿದ್ದ ಎರಡು ದಿನ ಕಳೆದ ಮೇಲೆ ಮೈದುನನಿಗೆ ಫೋನ್ ಮಾಡಿದೆ.

"ಇಗರ್ಜಿಯ ಸರ್ಟಿಫಿಕೇಟಲ್ಲಿ ಇರುವ ದಿನ ಹಾಕಿಸು."

"ಅತ್ತಿಗೆ, ಪೇಪರೆಲ್ಲ ಬೇರೆ ಉಂಟು..."

"ಪೇಪರಿನ ಕೆಲಸ ಎಲ್ಲ ಮುಗಿಯಿತಲ್ಲ. ಇನ್ನು ಅವರ ಹತ್ತಿರ ಕಾರ್ಡ್ ಕೇಳುವವರು ಯಾರಿದ್ದಾರೆ?"

ಅವನು ಲೆಕ್ಕ ಹಾಕಿದ. "ಅಣ್ಣ ಎರಡು ವರ್ಷ ಸಣ್ಣವ ಆಗ್ತಾನೆ ಹಾಗಾದ್ರೆ."

"ಸಣ್ಣವರೇ. ಮತ್ತೆ ಕೇಳು, ದಿನಾಂಕದ ಪಕ್ಕದಲ್ಲಿ ಗುರುವಾರ ಅಂತಲೂ ಕೆತ್ತಿಸು."

"ಕಲ್ಲಿಗೆ ವಾರ ಯಾರು ಹಾಕ್ತಾರೆ? ಪಾದ್ರಿಯವರು ಕೇಳಿದ್ರೆ ಎಂತ ಹೇಳುದು?"

"ಅವರ ಒಂದು ಹೆಸರು ಅದರಲ್ಲಿ ಉಂಟು ಅಂತ ಹೇಳು."

ಮೊನ್ನೆ ಕಲ್ಲಿನ ಫೋಟೊ ಬಂತು. ಬೂದು ಕಲ್ಲು, ಮೇಲೆ ಶಿಲುಬೆ, ಕೆಳಗೆ ಕನ್ನಡ ಅಕ್ಷರ. ಕಲ್ಲಿನವನು ಗುರುವಾರವನ್ನು ಬೇರೆ ಅಕ್ಷರಗಳಿಗಿಂತ ಸ್ವಲ್ಪ ದೊಡ್ಡದಾಗಿಯೇ ಕೆತ್ತಿದ್ದಾನೆ. ನಾನು ಮೆಟ್ಟಿಲಿಳಿದು ಸಲೂನಿಗೆ ಹೋದೆ. ಈಗ ನಾನೇ ಮೊದಲು ಹೇಳುವುದು. "ಗುಡ್ ಮಾರ್ನಿಂಗ್ ಸಿಸ್ಟರ್, ನಿದ್ದೆ ಚೆನ್ನಾಗಿ ಬಂತಾ?" ಎಂದೆ. ಅವಳು ಕೈಯಲ್ಲಿದ್ದ ಬಾಚಣಿಗೆಯನ್ನು ಬಾಯಲ್ಲಿ ಕಚ್ಚಿಕೊಂಡು ಮೊಬೈಲ್ ತೆಗೆದುಕೊಂಡಳು. ಗುರುವಾರ ಕೆತ್ತಿಸುವ ವಿಷಯ ಮೊದಲೇ ಹೇಳಿದ್ದೆ, ಆದರೆ ನಮ್ಮ ಅಕ್ಷರ ಅವಳಿಗೆ ಬಾರದು. "ಎಲ್ಲಿದೆ?" ಎಂದು ಕಣ್ಣಲ್ಲೇ ಕೇಳಿದಳು. ನಾನು ಬೆರಳಿಟ್ಟು ತೋರಿಸಿದೆ.

ಅವಳು ಬಾಚಣಿಗೆ ತೆಗೆದು, ಫೋಟೊವನ್ನು ನೋಡುತ್ತ, ಅವರನ್ನು ಆ ಗುರುವಾರದ ಹೆಸರು ಹಿಡಿದು ಒಮ್ಮೆ ಕರೆದಳು. ಎದುರಿಗೆ ಇರುವವರನ್ನು ಕರೆಯುವ ಹಾಗೆಯೇ ಕರೆದಳು. ನಾನು ಆ ಹೆಸರನ್ನು ಅದುವರೆಗೆ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮಲ್ಲಿ ಗಂಡನನ್ನು ಹೆಸರು ಹಿಡಿದು ಕರೆಯುವ ರೂಢಿ ಇಲ್ಲ. ಅಂದು ಅವಳ ಹಿಂದೆಯೇ ನಾನೂ ಹೇಳಿದೆ. ಅವಳು ಉಚ್ಚಾರ ಸರಿಯಿಲ್ಲವೆಂದು ಎರಡು ಸಲ ತಿದ್ದಿದಳು. ಮೂರನೇ ಸಲ ಸರಿ ಬಂತು.